ಶುಕ್ರಿಯ ಹಣೆಯ ಸುಳಿ

ಮೊನ್ನೆ ಕೊಪ್ಪಳದ ಬ್ಯೂಟಿ ಪಾರ್ಲರಿನಲ್ಲಿ ಒಂದು ಬಾಚಣಿಕೆ ನನ್ನ ಮಾನ ಕಳೆಯಿತು. ಕೂದಲಿಗೆ ಬಣ್ಣ ಹಚ್ಚಿಸಿಕೊಳ್ಳಲು ಹೋಗಿದ್ದೆ. ಹಾಗೆ ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ನೌಕರಿಯುದ್ದಕ್ಕೂ ಸೀಮೆಸುಣ್ಣದ ಬಿಳಿ ಪುಡಿಯನ್ನು ತಲೆಗೆ ಹೊತ್ತ ಹಿಂದಿ ಟೀಚರು ನಿವೃತ್ತಿಯಾದ ಮೇಲೆ ಒಂದಿಷ್ಟು ಕಪ್ಪು ಹಚ್ಚಿಕೊಂಡರೆ ಯಾರಪ್ಪನ ಗಂಟೇನು ಹೋಗುತ್ತದೆ? ಆ ಹುಡುಗಿ ಹಿಂದೆ ನಿಂತು ನನ್ನ ಕೂದಲನ್ನು ಸೀಳುತ್ತ ಸೀಳುತ್ತ ತಟ್ಟನೆ ಕೈ ನಿಲ್ಲಿಸಿದಳು. ಆಮೇಲೆ ಪಕ್ಕದ ಕುರ್ಚಿಗೂ ಕೇಳುವ ಹಾಗೆ ಹೇಳಿದಳು.

"ಮೇಡಮ್ಮಾರ, ನಿಮಗ ಎರಡು ಸುಳಿ ಅದಾವಲ್ರಿ."

ಪಕ್ಕದ ಕುರ್ಚಿಯಲ್ಲಿ ಮುಖಕ್ಕೆ ಎಂಥದ್ದೋ ಬಳಿದುಕೊಂಡು ಕೂತಿದ್ದ ಹೆಂಗಸು ಅಷ್ಟೂ ಬಳಿತದೊಳಗಿಂದ ನಕ್ಕಳು. "ಎರಡು ಸುಳಿ ಇದ್ರ ಎರಡು ಮದುವಿ ಅಂತಾರಲ್ರಿ" ಎಂದಳು. ನನಗೆ ಅರವತ್ತು ದಾಟಿದೆ. ಇರುವ ಒಬ್ಬ ಗಂಡನಿಗೇ ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಒಗೆಯಬಾರದೆಂದು ಕಲಿಸಲು ಆಗಿಲ್ಲ. ಎರಡನೆಯವನಿಗೆ ಕಲಿಸುವ ಶಕ್ತಿ ಎಲ್ಲಿಂದ ತರಲಿ?

"ಮುಚ್ಚೂ ಹಂಗ ಬಾಚ್ಲೇನ್ರಿ?" ಎಂದು ಹುಡುಗಿ ಮೆತ್ತಗೆ ಕೇಳಿದಳು.

"ಬ್ಯಾಡ" ಎಂದೆ. ತುಸು ಜೋರಾಗಿಯೇ ಎಂದಿರಬೇಕು, ಅವಳ ಕೈಯಿಂದ ಬಾಚಣಿಕೆ ಬಿತ್ತು. ಪಾಪ, ನನ್ನ ಸಿಟ್ಟಿನ ಹಿಂದೆ ಒಂದು ಕುದುರೆ ನಿಂತಿದೆ ಎಂದು ಅವಳಿಗೇನು ಗೊತ್ತು. ನಿಮಗಾದರೂ ಹೇಳಿಬಿಡುತ್ತೇನೆ.

ಮೊದಲು ಈ ಸುಳಿ ಎಂಬ ಶಬ್ದವನ್ನೇ ನೋಡಿ. ಬಾಳೆಯ ಗಿಡ ಸುಳಿ ಬಿಟ್ಟರೆ ನಾವು ಸಂತೋಷಪಡುತ್ತೇವೆ. ತುಂಗಭದ್ರೆಯಲ್ಲಿ ಸುಳಿ ಕಂಡರೆ ದೂರ ಸರಿಯುತ್ತೇವೆ. ಎರಡರಲ್ಲೂ ಅರ್ಥವಿದೆ. ಆದರೆ ತಲೆಯ ಮೇಲೆ ನಾಲ್ಕು ಕೂದಲು ಸುತ್ತಿಕೊಂಡು ಬೆಳೆದರೆ ಅದಕ್ಕೂ ಸುಳಿ ಎಂದು ಹೆಸರಿಟ್ಟು, ಅದರಲ್ಲಿ ಯಾರು ಮುಳುಗುತ್ತಾರೆ ಎಂದು ಲೆಕ್ಕ ಹಾಕುವ ಜನಕ್ಕೆ ಏನನ್ನೋಣ? ನಮ್ಮ ಕಡೆ ಎರಡು ಜೀವಗಳ ಸುಳಿ ನೋಡುತ್ತಾರೆ, ಒಂದು ಕೊಳ್ಳುವ ಕುದುರೆಯದು, ಇನ್ನೊಂದು ತರುವ ಸೊಸೆಯದು. ಕುದುರೆಯದಾದರೆ ಎದುರಿಗೇ ಬಗ್ಗಿ ನೋಡುತ್ತಾರೆ. ಹುಡುಗಿಯದನ್ನು ಹಾಗೆ ನೋಡಲು ಬರುವುದಿಲ್ಲವಲ್ಲ, ಅದಕ್ಕೆ ಬೀಗಿತ್ತಿಯಾಗಲು ಬಂದವಳು "ಎಷ್ಟು ಛಲೋ ಕೂದಲಾ ಅದಾವ ನಮ್ಮವ್ವಂದು" ಎಂದು ತಲೆ ಸವರಿದಂತೆ ಮಾಡಿ ಬೆರಳಿನಲ್ಲಿ ಹುಡುಕುತ್ತಾಳೆ.

ಆ ಬೆರಳಿಗೆ ಸಿಗದ ಹಾಗೆ ನನ್ನನ್ನು ಕಾಪಾಡಿದವಳು ಆಯಿ, ಅಂದರೆ ನನ್ನ ಅಜ್ಜಿ. ನಮ್ಮದು ಯಲಬುರ್ಗಾ ಸೀಮೆಯ ಊರು, ತಳಕಲ್ಲಿಗೆ ಹತ್ತಿರ. ಆಯಿ ದಿನಾ ಬೆಳಿಗ್ಗೆ ಕಟ್ಟೆಯ ಮೇಲೆ ನನ್ನನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದು, ಕಣ್ಣು ಹಣೆಯತ್ತ ಎಳೆದುಕೊಳ್ಳುವಷ್ಟು ಬಿಗಿಯಾಗಿ ಜಡೆ ಹಾಕುತ್ತಿದ್ದಳು. ನೆತ್ತಿಯ ಮೇಲೆ ಅಬ್ಬಲಿಗೆಯ ದಂಡೆ. ಹೂವಿಲ್ಲದ ದಿನ ಕೆಂಪು ಟೇಪಿನ ದೊಡ್ಡ ಹೂವು. ಸಾಲೆಯಲ್ಲಿ ಎಲ್ಲರೂ ನನ್ನನ್ನು ಭಾಳ ಶೋಕಿಯ ಹುಡುಗಿ ಎಂದುಕೊಂಡಿದ್ದರು. ನಾನೂ ಹಾಗೇ ಅಂದುಕೊಂಡು ಮೆರೆದೆ. ಅದು ಶೋಕಿಯಲ್ಲ, ಮುಚ್ಚಳ ಎಂದು ತಿಳಿಯಲು ನಾನು ಸುಮಾರು ದೊಡ್ಡವಳಾಗಬೇಕಾಯಿತು. ಸಂಜೆ ಜಡೆ ಬಿಚ್ಚಿದಾಗ ನೆತ್ತಿ ಧಿಮ್ಮೆಂದು ನೋಯುತ್ತಿತ್ತು. ಆ ನೋವು ಈಗಲೂ ಬೇಕೆಂದರೆ ನೆನಪಿಗೆ ಬರುತ್ತದೆ.

ಇನ್ನು ಅಜ್ಜ. ಅಜ್ಜನಿಗೆ ಕುದುರೆಯ ಹುಚ್ಚು. ಮದುವೆ ಮೆರವಣಿಗೆಗೆ ಸುತ್ತಲಿನ ಹಳ್ಳಿಗಳಿಗೆಲ್ಲ ನಮ್ಮ ಮನೆಯ ಕುದುರೆಯೇ ಹೋಗುತ್ತಿತ್ತು. ಕುದುರೆ ಕಂಡರೆ ಕಾಲುನೋವು ಎಂಬ ಗಾದೆ ನಮ್ಮ ಮನೆಯಲ್ಲಿ ನಡೆಯುತ್ತಿರಲಿಲ್ಲ. ನಮ್ಮಲ್ಲಿ ಕುದುರೆ ಕಂಡವರಿಗೆಲ್ಲ ಕೈನೋವು. ಯಾಕೆಂದರೆ ಸುಮ್ಮನೆ ನಿಂತು ನೋಡುವವರನ್ನು ಕಂಡರೆ ಅಜ್ಜನಿಗೆ ಆಗುತ್ತಿರಲಿಲ್ಲ. ಕುದುರೆಯ ಮೈ ಉಜ್ಜುವ ಹಲ್ಲುಹಲ್ಲಿನ ಕಬ್ಬಿಣದ ಬ್ರಶ್ಶಿಗೆ ನಾವು ಖರಾರಾ ಎನ್ನುತ್ತಿದ್ದೆವು. ಅದನ್ನು ತಂದು, ಬಂದವನು ಬೀಗನಿರಲಿ, ತಲಾಟಿಯಿರಲಿ, ಕೈಗೆ ಕೊಟ್ಟುಬಿಡುತ್ತಿದ್ದ.

ಆ ಕುದುರೆಗಳ ಮೂಲತಾಯಿ ಸೋಮವ್ವ. ಸೋಮವಾರ ಮನೆಗೆ ಬಂದಳೆಂದು ಆ ಹೆಸರು. ಆಮೇಲೆ ಹುಟ್ಟಿದವರಿಗೂ ಹುಟ್ಟಿದ ವಾರದ ಹೆಸರೇ ಖಾಯಂ ಆಯಿತು. ಸೋಮವ್ವನ ಹಣೆಯ ಸುಳಿ ಎಡಕ್ಕೆ ತಿರುಗಿತ್ತು. ಬಲಕ್ಕೆ ತಿರುಗಿದರೆ ಬಲಸುಳಿ, ಮನೆ ಬೆಳಗುತ್ತದೆ. ಎಡಕ್ಕೆ ತಿರುಗಿದರೆ ಎಡಸುಳಿ, ಮನೆ ಮುರಿಯುತ್ತದೆ ಎಂದು ಕುದುರೆಯವರ ಶಾಸ್ತ್ರ. ಆ ಶಾಸ್ತ್ರಕ್ಕೆ ಹೆದರಿ ಯಾರೋ ಹೊರಗಟ್ಟಿದ್ದ ಮರಿಯನ್ನು ಅಜ್ಜ ಕರೆದುಕೊಂಡು ಬಂದಿದ್ದ. ಯಾರಾದರೂ ಹುಬ್ಬು ಏರಿಸಿದರೆ ಅವನದು ಒಂದೇ ಮಾತು. "ನಡಿಗಿ ನೋಡ್ರಿ, ಗೊರಸು ನೋಡ್ರಿ, ಕಣ್ಣು ನೋಡ್ರಿ. ಸುಳಿ ನೋಡಾಕ ಅದೇನು ಹೊಳಿ ಏನ್ರಿ?"

ಅಜ್ಜ ತಳಿ ಕಾಯುತ್ತಿದ್ದ ರೀತಿಯೂ ಅಷ್ಟೇ ಸರಳ. ಮರಿಯ ಕಿವಿಯ ಹತ್ತಿರ ಖಾಲಿ ಎಣ್ಣೆ ಡಬ್ಬಿ ಬಾರಿಸುತ್ತಿದ್ದ. ಬೆದರಿ ಓಡಿದರೆ ಅದು ಬಂಡಿಗೆ. ಕಿವಿ ಅಲ್ಲಾಡಿಸಿ ಮೇವು ತಿನ್ನುತ್ತ ನಿಂತರೆ ಅದು ತಾಯಿಯಾಗಲು ಲಾಯಕ್ಕು. ಆಮೇಲೆ ಕಲ್ಲುದಾರಿಯ ಮೇಲೆ ನಡೆಸುತ್ತಿದ್ದ, ಮಳೆ ಬಿದ್ದ ಎರೆಹೊಲದಲ್ಲಿ ನಡೆಸುತ್ತಿದ್ದ. ಹೀಗೆ ಆರಿಸಿ ಆರಿಸಿ ನಮ್ಮ ಕುದುರೆಗಳು ಎಂಥವಾದವೆಂದರೆ, ಮೆರವಣಿಗೆಯ ಹಲಗೆ ಬಡಿತಕ್ಕೆ ಮದುಮಗನೇ ಬೆಚ್ಚಬೇಕು, ಅವು ಬೆಚ್ಚುತ್ತಿರಲಿಲ್ಲ. ಎಡಸುಳಿ ಮಾತ್ರ ತಾಯಿಯಿಂದ ಮಗಳಿಗೆ ತಪ್ಪದೆ ಇಳಿದು ಬಂತು. ನಮ್ಮ ಮನೆಯೇನೂ ಮುರಿಯಲಿಲ್ಲ. ಮಾಳಿಗೆ ಒಮ್ಮೆ ಸೋರಿತು, ಅದು ಮಾಳಿಗೆಯ ತಪ್ಪು.

ಮುಚ್ಚಳದ ಗುಟ್ಟು ತಿಳಿದ ಮೇಲೆ ಒಂದು ದಿನ ನಾನು ಕೇಳಿದೆ. "ಅಜ್ಜಾ, ಸೋಮವ್ವನ ಹಣಿಗೆ ಯಾಕ ಹೂವಿನ ದಂಡಿ ಕಟ್ಟಂಗಿಲ್ಲ?"

"ಯಾಕ ಕಟ್ಟಬೇಕು? ಅದರ ಸುಳಿ ಅದರದು."

"ಮತ್ತ ನನ್ನವು?"

ಅಜ್ಜ ಕೆಮ್ಮಿದ. ಕುದುರೆಯ ಕಾಲನ್ನು ಎತ್ತಿ ಗೊರಸು ನೋಡುವಂತೆ ಬಗ್ಗಿದ. "ಅದು ನಿಮ್ಮ ಆಯಿ ಖಾತಿ" ಎಂದ.

ನೋಡಿ, ಇದಕ್ಕೇ ನನಗೆ ಸಿಟ್ಟು. ಕುದುರೆಯ ಪರವಾಗಿ ಸೀಮೆಗೆಲ್ಲ ಜಗಳಾಡಿದ ಮನುಷ್ಯ ಮೊಮ್ಮಗಳ ಪರವಾಗಿ ಹೆಂಡತಿಯ ಎದುರು ಒಂದು ಮಾತಾಡಲಿಲ್ಲ. ಸೋಮವ್ವನಿಗೆ ನ್ಯಾಯ, ನನಗೆ ಜಡೆ. ಅಜ್ಜನ ಮೇಲೆ ನನಗೆ ಪ್ರೀತಿ ಇದೆ, ಇಲ್ಲವೆಂದಲ್ಲ. ಪ್ರೀತಿ ಇರುವುದರಿಂದಲೇ ಈ ಸಿಟ್ಟು ಇಷ್ಟು ವರ್ಷ ಕೆಡದೆ ಉಳಿದಿದೆ.

ಈಗ ಶುಕ್ರಿಯ ಕತೆಗೆ ಬರುತ್ತೇನೆ. ಶುಕ್ರವಾರ ಹುಟ್ಟಿದ ಶುಕ್ರಿ ಸೋಮವ್ವನ ಬಳ್ಳಿಯಲ್ಲಿ ಆಗ ಉಳಿದಿದ್ದ ಕೊನೆಯ ಹೆಣ್ಣು ಕುದುರೆ. ಊರಲ್ಲಿ ನನ್ನ ತಮ್ಮ ಶರಣಪ್ಪ ಅವಳನ್ನು ಸಾಕಿದ್ದಾನೆ. ಒಂದು ದಿನ ದನದ ಡಾಕ್ಟರು ಬಂದು ಅವಳನ್ನು ನೋಡಿ, "ಮರಿ ಬೇಕಂದ್ರ ಈ ವರ್ಷನ ನೋಡ್ರಿ. ಮುಂದ ವಯಸ್ಸು ಬಿಡಂಗಿಲ್ಲ" ಎಂದರು. ಶುಕ್ರಿಗೆ ಮರಿಯಾಗದಿದ್ದರೆ ಅಜ್ಜ ಡಬ್ಬಿ ಬಾರಿಸಿ ಬಾರಿಸಿ ಕಟ್ಟಿದ ತಳಿ ಅಲ್ಲಿಗೇ ಮುಗಿದ ಹಾಗೆ. ಸುತ್ತಲಿನ ಗಂಡು ಕುದುರೆಗಳೋ, ಕೆಲವು ಬೀಜ ಒಡೆಸಿಕೊಂಡು ಸಾಧುಗಳಾಗಿವೆ, ಉಳಿದವು ಶುಕ್ರಿಗೆ ಅಣ್ಣತಮ್ಮಂದಿರು. ಹೊಸ ರಕ್ತದ ಗಂಡು ಇದ್ದದ್ದು ಒಂದೇ ಕಡೆ, ಕುಷ್ಟಗಿಯ ಆಚೆ ಶಂಕ್ರಗೌಡರ ಮನೆಯಲ್ಲಿ. ಹೆಸರು ಬಾದಶಾ.

ಶರಣಪ್ಪ ಮಿನಿ ಲಾರಿಯಲ್ಲಿ ಶುಕ್ರಿಯನ್ನು ನಿಲ್ಲಿಸಿಕೊಂಡು ಹೊರಟ. ಹಿಂದಿ ಟೀಚರು ಜೊತೆಗಿದ್ದರೆ ಮಾತಿಗೆ ತೂಕ ಬರುತ್ತದೆಂದು ನನ್ನನ್ನೂ ಕರೆದುಕೊಂಡ.

ಗೌಡರು ಒಳ್ಳೆಯ ಮನುಷ್ಯರೇ. ಬರ್ರಿ ಬರ್ರಿ ಎಂದು ಕರೆದು, ಮಂಡಕ್ಕಿ ಒಗ್ಗರಣೆ ಮಿರ್ಚಿ ತರಿಸಿದರು. ಪಡಸಾಲೆಯ ಗೋಡೆಯ ಮೇಲೆ ಬಾದಶಾನ ದೊಡ್ಡ ಫೋಟೋ, ಕಟ್ಟು ಹಾಕಿಸಿ ಹಾರ ಏರಿಸಿದ್ದರು. ದೇವರ ಫೋಟೋ ಅದರ ಪಕ್ಕದಲ್ಲಿ, ಅದಕ್ಕಿಂತ ಸಣ್ಣದು. ಫೋಟೋದಲ್ಲಿ ಪೇಟ ಸುತ್ತಿದ ಒಬ್ಬ ಮನುಷ್ಯ ಒಂದು ತೋಳನ್ನು ಮುಂದಕ್ಕೆ ಚಾಚಿ, ಕುದುರೆಯ ಕೆನ್ನೆಗೆ ಕೆನ್ನೆ ಹಚ್ಚಿ ನಿಂತಿದ್ದ. ಹಣೆಯ ಸುಳಿ ಚಕ್ರದ ಹಾಗೆ ಬಲಕ್ಕೆ ತಿರುಗಿತ್ತು. ಹಿಂದೆ ಒಂದು ಅಂಗಡಿಯ ಬೋರ್ಡು.

"ಮೊಬೈಲದಾಗ ಈ ಫೋಟೋ ಬಂತ್ರಿ. ಸುಳಿ ನೋಡಿದವನ ಮಾತು ಕೊಟ್ಟಬಿಟ್ಟೆ. ಕುದುರಿ ನೋಡಾಕ ಹೋಗಲೇ ಇಲ್ಲ. ಒಮ್ಮೆ ಹಣಿ ನೋಡಿದ್ರ ನಾನು ಜಲ್ಮದಾಗ ಮರಿಯಂಗಿಲ್ರಿ" ಎಂದರು ಗೌಡರು.

ನಾನು ಬೋರ್ಡಿನ ಅಕ್ಷರ ಓದಲು ನೋಡಿದೆ. ಅಕ್ಷರಗಳ ತಲೆಯ ಮೇಲೆ ಹಿಂದಿಯ ಹಾಗೆ ಗೆರೆ ಇತ್ತು, ಆದರೆ ಒಂದೂ ಹತ್ತಲಿಲ್ಲ. ಪೇಟವನ್ನು ನೋಡಿ, ಪಂಜಾಬಿ ಇರಬೇಕು ಎಂದುಕೊಂಡೆ. "ಪಂಜಾಬದ ಕುದುರಿ ಏನ್ರಿ?" ಎಂದು ದೊಡ್ಡ ತಿಳಿವಳಿಕೆಯಿಂದ ಕೇಳಿದೆ. "ಇಲ್ರಿ, ಮಹಾರಾಷ್ಟ್ರದ್ದು" ಎಂದರು. ಅಲ್ಲೂ ಪಂಜಾಬಿಗಳು ಇರುತ್ತಾರಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಆಮೇಲೆ ಅಂಗಳಕ್ಕೆ ಬಂದೆವು. ಬಾದಶಾ ನಿಂತಿತ್ತು, ಏನು ಎದೆ, ಏನು ಕತ್ತು. ಹಣೆಯ ಮೇಲೆ ಅಂಗೈ ಅಗಲದ ಕೆಂಪು ಗೊಂಡೆ. ಮೆರವಣಿಗೆ ಇಲ್ಲದ ದಿನವೂ ಎಂಥಾ ಅಲಂಕಾರ ಎಂದುಕೊಂಡೆ. ಗೌಡರು ಶುಕ್ರಿಯ ನಡಿಗೆ ನೋಡಲಿಲ್ಲ, ಗೊರಸು ನೋಡಲಿಲ್ಲ. ನೇರವಾಗಿ ಹಣೆಗೆ ಬಗ್ಗಿದರು, ಹಾವು ಕಂಡವರಂತೆ ಹಿಂದೆ ಸರಿದರು.

"ಎಡಸುಳಿ ಐತಲ್ಲೋ ಶರಣಪ್ಪ. ಬ್ಯಾಡಪಾ. ಇಂಥಾದ್ದನ್ನ ನಮ್ಮ ಬಾದಶಾಗ ಕೂಡಿಸಿದ್ರ ನನ್ನ ಅಂಗಳ ಕೆಡತೈತಿ."

ನಾನು ಅಜ್ಜನ ಮಾತು ಹೇಳಿದೆ, ಡಬ್ಬಿಯ ಪರೀಕ್ಷೆ ಹೇಳಿದೆ, ಸೋಮವ್ವನ ವಂಶಾವಳಿ ಹೇಳಿದೆ. ಅವರು ಎಲ್ಲದಕ್ಕೂ ಹೌದು ಎಂದು ತಲೆಯಾಡಿಸಿ, ಕೊನೆಗೆ "ಇನ್ನೊಂದು ಮಿರ್ಚಿ ತಗೋರಿ ಟೀಚರಮ್ಮ" ಎಂದರು. ಸಿಟ್ಟಿನಲ್ಲಿ ನಾನು ತೆಗೆದುಕೊಂಡೆ. ಅದು ಚೆನ್ನಾಗಿಯೂ ಇತ್ತು, ಅದಕ್ಕೂ ಸಿಟ್ಟು ಬಂತು.

ಊರು ಹತ್ತಿರ ಬಂದಾಗ ತಮ್ಮ, "ಬಿಡಕ್ಕಾ. ಅಜ್ಜನ ಕಾಲದಿಂದ ಶುಕ್ರಿ ತನಕ ಬಂತಲ್ಲ, ಸಾಕು" ಎಂದ. ಸಾಕಂತೆ. ನಾಲ್ಕು ಕೂದಲು ಎತ್ತ ಮಲಗಿವೆ ಎಂಬುದಕ್ಕೆ ಒಂದು ವಂಶ ಮುಗಿಯಬೇಕಂತೆ. ಆ ಸಿಟ್ಟಿನಲ್ಲಿ, ಮನೆಗೆ ಮರಳಲು ಕೊಪ್ಪಳದ ಬಸ್ಸು ಹತ್ತುವಾಗ, ನಾನು ಬಾಗಿಲನ್ನು ಎಳೆದ ರೀತಿಗೆ ಕಂಡಕ್ಟರು ನನ್ನನ್ನು "ನಿಧಾನ್ರೀ ಅಮ್ಮಾರ" ಎಂದು ಬೈದ.

ಮುಂದಿನದ್ದು ನಡೆಯಲು ಕಾರಣ ತಮ್ಮನ ಮಗಳು ಕಾವ್ಯಾ, ಕಾಲೇಜಿನ ಹುಡುಗಿ. ಒಂದು ಭಾನುವಾರ ಅವಳು ಶುಕ್ರಿಯ ಹಣೆಗೆ ಕೆನ್ನೆ ಹಚ್ಚಿ ಸೆಲ್ಫಿ ತೆಗೆದು ನನಗೆ ಕಳಿಸಿದಳು. ಮುಖ ಎರಡೂ ಚೆಂದ ಬಂದಿದ್ದವು. ಕಾವ್ಯಾಳನ್ನು ಅರ್ಧ ಕತ್ತರಿಸಿ, "ನಮ್ಮ ಮನೆಯ ಮಗಳು" ಎಂದು ಬರೆದು ನನ್ನ ಮೊಬೈಲಿನ ಸ್ಟೇಟಸ್ಸಿಗೆ ಹಾಕಿದೆ. ಅವತ್ತು ನಂಬರು ಕೊಟ್ಟುಕೊಂಡಿದ್ದೆವಲ್ಲ, ಸಂಜೆ ಶಂಕ್ರಗೌಡರ ಫೋನು.

"ಟೀಚರಮ್ಮಾರ, ಆ ಕುದುರಿ ಯಾರದ್ರಿ? ಏನು ಬಲಸುಳಿ ಐತ್ರಿ ಅದು. ಹಣಿ ಮ್ಯಾಲೆ ಲಕ್ಷ್ಮಿ ಬಂದು ಕುಂತಂಗ ಐತಿ. ನಿಮ್ಮ ಬೀಗರ ಪೈಕಿ ಯಾರದಾರ ಇದ್ರ ನಮ್ಮ ಬಾದಶಾಗ ಕೇಳ್ರಿ."

ಒಮ್ಮೆ ಹಣೆ ನೋಡಿದರೆ ಜನ್ಮದಲ್ಲಿ ಮರೆಯದ ಮನುಷ್ಯ. "ಕೇಳಿ ಹೇಳ್ತೀನ್ರಿ" ಎಂದು ಇಟ್ಟು, ಫೋಟೋ ತೆಗೆದು ನೋಡಿದೆ. ಹೌದು, ಸುಳಿ ಬಲಕ್ಕೆ ತಿರುಗಿತ್ತು. ಒಂದು ಕ್ಷಣ ನನಗೂ ಮೈ ಜುಮ್ಮೆಂದಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಕಾವ್ಯಾಳ ಅಂಗಿಯ ಮೇಲಿನ ಅಕ್ಷರ ನೋಡಿದೆ. ಅವಳ ಕಾಲೇಜಿನ ಹೆಸರು ಹಿಂದುಮುಂದಾಗಿತ್ತು.

ಫೋನು ಮಾಡಿ ಕೇಳಿದೆ. ಅವಳು ನಕ್ಕಳು. "ಅತ್ತಿ, ಸೆಲ್ಫಿ ಅಂದ್ರ ಕನ್ನಡಿ ಇದ್ದಂಗ. ಕೆಲವು ಫೋನು ತಿರುಗಿಸಿ ಸರಿ ಮಾಡ್ತಾವ, ನನ್ನದು ಹಂಗ ಇಡತೈತಿ. ಬಲಕ್ಕಿದ್ದದ್ದು ಎಡಕ್ಕ, ಎಡಕ್ಕಿದ್ದದ್ದು ಬಲಕ್ಕ."

ಆಗ ನನಗೆ ಆ ಪಂಜಾಬಿ ಬೋರ್ಡು ನೆನಪಾಯಿತು. ಪೇಟದವನ ಚಾಚಿದ ತೋಳು ನೆನಪಾಯಿತು. ಅದೂ ಸೆಲ್ಫಿಯೇ. ಮತ್ತು ಆ ಕೆಂಪು ಗೊಂಡೆ. ಮೆರವಣಿಗೆ ಇಲ್ಲದ ದಿನವೂ ಕಟ್ಟಿದ್ದ ಗೊಂಡೆ. ಅದು ಅಲಂಕಾರವಲ್ಲ. ಮುಚ್ಚಳ ಹೇಗಿರುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಆ ಕುದುರಿ ಕರಕೊಂಡ ಬರ್ತೀವ್ರಿ" ಎಂದು ಗೌಡರಿಗೆ ತಿಳಿಸಿದೆ. ಶುಕ್ರಿ ಬೆದೆಗೆ ಬಂದ ದಿನ ಮತ್ತೆ ಮಿನಿ ಲಾರಿ ಹೊರಟಿತು. ತಮ್ಮನಿಗೆ ಜೀವದಲ್ಲಿ ಜೀವವಿಲ್ಲ. "ಅಕ್ಕಾ, ಗುರ್ತು ಹಿಡದು ಬೈದು ಕಳಸ್ತಾರ" ಎನ್ನುತ್ತಿದ್ದ. ನಾನು ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಬಾಯಿಪಾಠ ಮಾಡುತ್ತಿದ್ದೆ. ಅಂಥ ಭಾಷಣವನ್ನು ನಾನು ಹಿಂದಿ ದಿವಸಕ್ಕೂ ಮಾಡಿರಲಿಲ್ಲ. ಚೀಲದಲ್ಲಿ ಒಂದು ಕೈಗನ್ನಡಿ ಇಟ್ಟುಕೊಂಡಿದ್ದೆ.

ಗೌಡರು ಆರತಿ ತಟ್ಟೆ ಹಿಡಿದೇ ಹೊರಗೆ ಬಂದರು. ಶುಕ್ರಿಯ ಹಣೆಗೆ ಬಗ್ಗಿದವರು ಹಾಗೇ ನಿಂತರು. "ಇದು ಅದ ಕುದುರಿ ಅಲ್ಲೇನ್ರಿ? ಎಡಸುಳಿದು?"

"ಹೌದ್ರಿ. ನೀವು ಲಕ್ಷ್ಮಿ ಕುಂತಾಳ ಅಂದದ್ದೂ ಇದರ ಹಣಿ ಮ್ಯಾಲೇನ."

ನನ್ನ ಮೊಬೈಲಿನ ಫೋಟೋ ತೋರಿಸಿದೆ, ಅಂಗಿಯ ಅಕ್ಷರ ತೋರಿಸಿದೆ. ಆಮೇಲೆ ಪಡಸಾಲೆಗೆ ಹೋಗಿ ಬಾದಶಾನ ಫೋಟೋದ ಎದುರು ಕನ್ನಡಿ ಹಿಡಿದೆ. ಕನ್ನಡಿಯೊಳಗೆ ಪಂಜಾಬಿಯೆಲ್ಲ ಕರಗಿ ಶುದ್ಧ ದೇವನಾಗರಿ ಆಯಿತು. ಮೇವಿನ ಅಂಗಡಿ ಎಂದಿತ್ತು, ಅಷ್ಟೇ. ಜೀವನವಿಡೀ ಅದೇ ಲಿಪಿಯನ್ನು ಕಲಿಸಿದವಳು ನಾನು. ಆ ಮಾತು ಬೇರೆ. ಕನ್ನಡಿಯೊಳಗಿನ ಸುಳಿ ಎಡಕ್ಕೆ ತಿರುಗಿತ್ತು.

ಗೌಡರು ಬೋರ್ಡು ನೋಡಲಿಲ್ಲ, ಕನ್ನಡಿ ನೋಡಲಿಲ್ಲ. ಅಂಗಳದಲ್ಲಿ ನಿಂತ ಬಾದಶಾನ ಗೊಂಡೆಯನ್ನು ನೋಡುತ್ತಿದ್ದರು. ಅವರಿಗೆ ಗೊತ್ತಿತ್ತು. ಬಾದಶಾ ಲಾರಿಯಿಂದ ಇಳಿದ ದಿನವೇ ಗೊತ್ತಾಗಿತ್ತು.

"ಬಂದ ದಿನದಿಂದ ಬಿಚ್ಚಿಲ್ರಿ" ಎಂದರು, ಯಾರಿಗೋ ಹೇಳಿದಂತೆ. "ನಾಕು ಮಂದಿಗೆ ಸುಳಿ ಹೇಳಾಂವ ನಾನು. ನನ್ನ ಅಂಗಳದಾಗ ಎಡಸುಳಿ ಅಂತ ಹೆಂಗ ಹೇಳ್ಲಿ? ಕಳಿಸಿಬಿಡೂಣು ಅಂದ್ರ, ಮೊದಲ ದಿನಾನ ನನ್ನ ಹೆಗಲ ಮ್ಯಾಲೆ ತಲಿ ಇಟ್ಟು ನಿಂತುಬಿಡ್ತು."

ನನ್ನ ಭಾಷಣ ತಯಾರಿತ್ತು. ಬಾಯಿಗೂ ಬಂದಿತ್ತು. ಅಷ್ಟರಲ್ಲಿ ಬಾದಶಾ ಕಿವಿ ಒದರಿತು. ಗೊಂಡೆಯ ದಾರ ಉಜ್ಜಿ ಉಜ್ಜಿ ಕಿವಿಯ ಹಿಂದೆ ಕೂದಲುದುರಿ ಕೆಂಪಗಾಗಿದ್ದು ಕಂಡಿತು. ನನ್ನ ನೆತ್ತಿ ಧಿಮ್ಮೆಂದಿತು. ಸಿಟ್ಟು ಇಳಿಯಿತೆಂದು ತಿಳಿಯಬೇಡಿ, ಇಳಿಯಲಿಲ್ಲ. ಆದರೆ ಆ ಸಿಟ್ಟು ಗೌಡರೊಬ್ಬರಿಗೆ ಸಾಲದಷ್ಟು ದೊಡ್ಡದಿತ್ತು. ಅದರಲ್ಲಿ ಆಯಿಗೆ, ಕೆಮ್ಮಿದ ಅಜ್ಜನಿಗೆ, ತಲೆ ಸವರಿದ ಬೀಗಿತ್ತಿಯರಿಗೆಲ್ಲ ಪಾಲಿತ್ತು.

"ಬಿಚ್ಚರಿ ಗೌಡ್ರ" ಎಂದೆ. "ಬಿಸಲು ಭಾಳ ಐತಿ. ಅದರ ಹಣಿಗೆ ಒಂದಿಷ್ಟು ಗಾಳಿ ಆಡ್ಲಿ."

ಅವರು ಬಿಚ್ಚಿದರು. ಗಂಟು ಹಳೆಯದಾಗಿ ಬಿಗಿದುಕೊಂಡಿತ್ತು, ಶರಣಪ್ಪನೂ ಕೈಗೂಡಿಸಬೇಕಾಯಿತು. ಬಾದಶಾ ತಲೆ ಕೊಡವಿ, ಹಣೆಯನ್ನು ಗೌಡರ ಎದೆಗೆ ಗಸಗಸ ತಿಕ್ಕಿತು, ಅಂಗಿಯ ಗುಂಡಿ ಹಾರುವ ಹಾಗೆ. ಆಮೇಲೆ ಶುಕ್ರಿಯ ಕಡೆ ತಿರುಗಿತು. ಅದು ಯಾವ ಸುಳಿಯನ್ನೂ ನೋಡಲಿಲ್ಲ.

ಹೊರಡುವಾಗ ಗೌಡರು ಮೆಲ್ಲಗೆ, "ಊರಾಗ ಹೇಳಬ್ಯಾಡ್ರಿ ಟೀಚರಮ್ಮ" ಎಂದರು. ಹೇಳುವುದಿಲ್ಲ ಎಂದೆ, ಹೇಳಿಯೂ ಇಲ್ಲ. ಬರೆಯುವುದಿಲ್ಲ ಎಂದು ಮಾತು ಕೊಟ್ಟಿರಲಿಲ್ಲ. ಅವರ ನಿಜವಾದ ಹೆಸರು ಬೇರೆ, ಇಷ್ಟು ಸಾಕು.

ಶುಕ್ರಿಗೆ ಮರಿಯಾಯಿತು, ಹೆಣ್ಣು. ಹುಟ್ಟಿದ್ದು ಶನಿವಾರ. ಅದಕ್ಕೂ ಊರಲ್ಲಿ ನಾಲ್ಕು ಜನ ಮೂಗು ಮುರಿದರು. ಶನಿವಾರ ಅಂದರೆ ಹನುಮಪ್ಪನ ವಾರ ಎಂದು ಶರಣಪ್ಪ ಅದಕ್ಕೆ ಹನುಮವ್ವನೆಂದು ಹೆಸರಿಟ್ಟ. ಸುದ್ದಿ ತಿಳಿದು ಗೌಡರು ಫೋನು ಮಾಡಿದರು. ತಾಯಿ ಮರಿ ಆರಾಮ ಅದಾವೇನ್ರಿ ಎಂದು ಕೇಳಿದರು. ಆ ಪ್ರಶ್ನೆ ಈಗ ಬಂತು ಎಂದು ನಾನು ಹಲ್ಲು ಕಚ್ಚಿಕೊಂಡು ಕಾದೆ.

"ನಡಿಗಿ ಹೆಂಗೈತ್ರಿ?" ಎಂದರು.

"ಅಜ್ಜ ಇದ್ದಿದ್ರ ಖುಷಿಪಡ್ತಿದ್ದ ನೋಡ್ರಿ" ಎಂದೆ.

ಮರಿ ನೋಡಲು ಈಗಲೂ ಜನ ಬರುತ್ತಾರೆ. ನಾನು ಊರಲ್ಲಿದ್ದರೆ ಕಟ್ಟೆಯ ಮೇಲೆ ಕಪ್ಪು ಹಚ್ಚಿದ ಕೂದಲನ್ನು ಬಿಟ್ಟುಕೊಂಡು ಕೂತಿರುತ್ತೇನೆ. ಹನುಮವ್ವನ ಸುಳಿ ಎತ್ತ ತಿರುಗಿದೆ ಎಂದು ಕೇಳಿದರೆ ನಾನು ಹೇಳುವುದಿಲ್ಲ, ನೀವೂ ಕೇಳಬೇಡಿ. ಕೇಳದೆಯೇ ಬಗ್ಗಿ ಹಣೆ ನೋಡುವವರು ಕೆಲವರಿದ್ದಾರೆ. ಅಂಥವರ ಕೈಗೆ ಅಜ್ಜನ ಖರಾರಾ ಕೊಡುತ್ತೇನೆ.

"ಹೆಂಗೂ ಬಗ್ಗೀರಿ" ಎನ್ನುತ್ತೇನೆ, "ಒಂಚೂರು ಉಜ್ಜರಿ."